ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ಸಕ್ಕರೆ: ಅಪ್ಪನ ತಟ್ಟೆಯಿಂದ ಮುದ್ದೆ ತೆಗೆಯಬೇಕಾ?

ತಿಪಟೂರು ತೆಂಗು

ಎಲ್ಲರಿಗೂ ನಮಸ್ಕಾರ. ನಮ್ಮಪ್ಪನಿಗೆ 71 ವರ್ಷ. ಪ್ರಾಸ್ಟೇಟ್ ಕ್ಯಾನ್ಸರ್, ಮೂಳೆಗೂ ಹಬ್ಬಿದೆ. ಮೂರು ತಿಂಗಳಿಗೊಂದು ಹಾರ್ಮೋನ್ ಇಂಜೆಕ್ಷನ್ ಕೊಡುತ್ತಿದ್ದಾರೆ. ಜೊತೆಗೆ ದಿನಾ ಅಬಿರಾಟೆರೋನ್, ಪ್ರೆಡ್ನಿಸೋಲೋನ್ ಮಾತ್ರೆ. ಈ ಕ್ಯಾನ್ಸರ್ ಎಷ್ಟಿದೆ ಅಂತ ರಕ್ತದಲ್ಲಿ ನೋಡುವ ಪಿಎಸ್‌ಎ ಚೆನ್ನಾಗಿ ಇಳಿದಿದೆ, ಬೆನ್ನು ನೋವೂ ಕಮ್ಮಿ ಆಗಿದೆ.

ಚಿಂತೆ ಇರೋದು ಊಟದ್ದು. "ಸಕ್ಕರೆಯೇ ಕ್ಯಾನ್ಸರ್‌ಗೆ ಊಟ" ಅಂತ ಒಂದು ವಿಡಿಯೋ ಮನೆಯವರೆಲ್ಲರ ಫೋನಿಗೂ ಬಂದಿದೆ. ಅದನ್ನು ನೋಡಿದ ಮೇಲೆ ಸಕ್ಕರೆ, ಬೆಲ್ಲ ಮಾತ್ರ ಅಲ್ಲ, ಅನ್ನ, ಮುದ್ದೆ, ಬಾಳೆಹಣ್ಣು ಎಲ್ಲವೂ ಬಂದ್. ಮಧ್ಯಾಹ್ನ ಒಂದು ಬಟ್ಟಲು ಸೊಪ್ಪಿನ ಪಲ್ಯ, ಎರಡು ಮೊಟ್ಟೆ ಇಡುತ್ತಾರೆ. ಅಪ್ಪ ಮೊಟ್ಟೆ ತಿಂದು ಪಲ್ಯವನ್ನು ಬೆರಳಲ್ಲಿ ಸರಿಸಿ ಎದ್ದು ಹೋಗುತ್ತಾರೆ. ಪಂಚೆ ಸಡಿಲ ಆಗ್ತಿದೆ. ಚಿಕ್ಕಪ್ಪ ಹೇಳೋದು ಇಷ್ಟು: "ಪೆಟ್ ಸ್ಕ್ಯಾನ್‌ನಲ್ಲಿ ಸಕ್ಕರೆ ಚುಚ್ಚಿದರೆ ಕ್ಯಾನ್ಸರ್ ಹೊಳೆಯುತ್ತೆ ಅಲ್ವಾ? ಇನ್ನೇನು ಸಾಕ್ಷಿ ಬೇಕು?" ನನಗೆ ಉತ್ತರ ಗೊತ್ತಾಗಲಿಲ್ಲ. ಸಂಶೋಧನೆ ನಿಜಕ್ಕೂ ಏನು ಹೇಳುತ್ತೆ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಜೀವರಸ

ನಮಸ್ಕಾರ. ನಾನು ಡಾಕ್ಟರ್ ಅಲ್ಲ. ಕ್ಯಾನ್ಸರ್ ಜೀವಕೋಶಗಳು ಶಕ್ತಿಯನ್ನು ಹೇಗೆ ಪಡೆಯುತ್ತವೆ ಅನ್ನೋದೇ ನನ್ನ ಲ್ಯಾಬ್ ಕೆಲಸ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಸಕ್ಕರೆಯ ಮಾತು ಶುರುವಾಗಿದ್ದು 1920ರ ದಶಕದಲ್ಲಿ, ಜರ್ಮನಿಯ ಒಟ್ಟೋ ವಾರ್ಬರ್ಗ್ ಅವರಿಂದ. ಗಡ್ಡೆಯ ಜೀವಕೋಶಗಳು ಗ್ಲೂಕೋಸನ್ನು ಜಾಸ್ತಿ ಎಳೆದುಕೊಳ್ಳುತ್ತವೆ. ಆಮ್ಲಜನಕ ಬೇಕಾದಷ್ಟಿದ್ದರೂ ಪೂರ್ತಿ ಸುಡದೆ ಲ್ಯಾಕ್ಟೇಟ್ ಮಾಡಿ ಹೊರಗೆ ಬಿಡುತ್ತವೆ. ಇದನ್ನು ಅವರು ಅಳೆದು ತೋರಿಸಿದರು. ಒಂದು ಗ್ಲೂಕೋಸ್ ಪೂರ್ತಿ ಸುಟ್ಟರೆ ಸುಮಾರು 30 ಎಟಿಪಿ (ಜೀವಕೋಶ ಖರ್ಚು ಮಾಡುವ ಶಕ್ತಿಯ ಅಣು) ಸಿಗುತ್ತೆ, ಹೀಗೆ ಅರ್ಧಕ್ಕೆ ಬಿಟ್ಟರೆ ಬರೀ 2. ಯಾಕೆ ಇಷ್ಟು ದುಂದು? ಆ ಜೀವಕೋಶಕ್ಕೆ ಶಕ್ತಿಗಿಂತ ಕಟ್ಟುವ ಸಾಮಾನು ಮುಖ್ಯ ಅಂತ ಈಗ ತಿಳಿದಿದೆ. ಹೊಸ ಡಿಎನ್‌ಎ, ಹೊಸ ಪೊರೆ ಮಾಡಲು ಬೇಕಾದ ತುಣುಕುಗಳು ಗ್ಲೂಕೋಸ್ ಒಡೆಯುವ ದಾರಿಯಲ್ಲೇ ಸಿಗುತ್ತವೆ. ವಾರ್ಬರ್ಗ್ ಅವರಿಗೆ 1931ರಲ್ಲಿ ನೊಬೆಲ್ ಬಂತು. ಅದು ಉಸಿರಾಟದ ಕಿಣ್ವದ ಕೆಲಸಕ್ಕೆ ಬಂದದ್ದು, ಕ್ಯಾನ್ಸರ್ ಸಿದ್ಧಾಂತಕ್ಕಲ್ಲ. ವಿಡಿಯೋಗಳಲ್ಲಿ ಇದನ್ನು ಸುಮ್ನೆ ಬೆರೆಸಿಬಿಡುತ್ತಾರೆ.

ಈಗ ಪ್ರಾಸ್ಟೇಟ್‌ಗೆ ಬನ್ನಿ. ಇಲ್ಲಿ ಕಥೆ ಉಲ್ಟಾ.

ಆರೋಗ್ಯವಾಗಿರುವ ಪ್ರಾಸ್ಟೇಟ್ ಗ್ರಂಥಿ ವೀರ್ಯಕ್ಕೆ ಸಿಟ್ರೇಟ್ ತಯಾರಿಸಿ ಕೊಡುತ್ತೆ. ಆ ದ್ರವದಲ್ಲಿ ಸಿಟ್ರೇಟ್ ರಕ್ತದಲ್ಲಿರುವುದಕ್ಕಿಂತ ನೂರಾರು ಪಟ್ಟು ಜಾಸ್ತಿ. ಬೇರೆ ಅಂಗಗಳಲ್ಲಿ ಸಿಟ್ರೇಟ್ ಹುಟ್ಟಿದ ಕೂಡಲೇ ಮುಂದೆ ಸುಟ್ಟು ಶಕ್ತಿಯಾಗುತ್ತೆ. ಪ್ರಾಸ್ಟೇಟ್‌ನಲ್ಲಿ ಅದು ಆಗದಂತೆ ತಡೆಯೋದು ಸತು, ಅಂದರೆ ಜಿಂಕ್. ಈ ಗ್ರಂಥಿಯ ಜೀವಕೋಶಗಳು ಜಿಂಕ್ ಅನ್ನು ತುಂಬಿಕೊಳ್ಳುತ್ತವೆ. ಸಿಟ್ರೇಟನ್ನು ಮುಂದಕ್ಕೆ ಕಳಿಸುವ ಅಕೋನಿಟೇಸ್ ಅನ್ನೋ ಕಿಣ್ವವನ್ನು ಆ ಜಿಂಕ್ ತಡೆಯುತ್ತೆ. ಕೆರೆಯ ತೂಬು ಮುಚ್ಚಿದ ಹಾಗೆ, ಸಿಟ್ರೇಟ್ ಅಲ್ಲೇ ನಿಲ್ಲುತ್ತೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕಾಸ್ಟೆಲ್ಲೋ ಮತ್ತು ಫ್ರಾಂಕ್ಲಿನ್ ವರ್ಷಗಟ್ಟಲೆ ಕೂತು ಇದನ್ನು ಬಿಡಿಸಿದರು.

ಕ್ಯಾನ್ಸರ್ ಆದಾಗ ಜೀವಕೋಶದೊಳಗೆ ಜಿಂಕ್ ತರುವ ಜಿಪ್1 ಅನ್ನೋ ಪ್ರೋಟೀನ್ ಕಮ್ಮಿ ಆಗುತ್ತೆ. ಜಿಂಕ್ ಇಳಿಯುತ್ತೆ, ತೂಬು ತೆರೆಯುತ್ತೆ. ಸಿಟ್ರೇಟ್ ಸುಡಲು ಶುರುವಾಗುತ್ತೆ. ಅಂದರೆ ಮೊದಲ ಹಂತದ ಪ್ರಾಸ್ಟೇಟ್ ಕ್ಯಾನ್ಸರ್ ಆಮ್ಲಜನಕ ಬಳಸಿ ಉರಿಸುವುದನ್ನು ಜಾಸ್ತಿ ಮಾಡಿಕೊಳ್ಳುತ್ತೆ. ಕೊಬ್ಬನ್ನೂ ಚೆನ್ನಾಗಿ ಬಳಸುತ್ತೆ, ತಾನೇ ಕೊಬ್ಬು ತಯಾರಿಸುವ ಕಿಣ್ವವನ್ನೂ ಏರಿಸಿಕೊಳ್ಳುತ್ತೆ. ವಾರ್ಬರ್ಗ್ ಕಂಡ ಗಡ್ಡೆಯ ನಡತೆ ಇದಲ್ಲ. ಎಮ್‌ಆರ್ ಸ್ಪೆಕ್ಟ್ರೋಸ್ಕೋಪಿ ಅನ್ನೋ, ಅಂಗದೊಳಗಿನ ರಾಸಾಯನಿಕಗಳನ್ನು ಅಳೆಯುವ ಪರೀಕ್ಷೆಯಲ್ಲಿ ಸಿಟ್ರೇಟ್ ಗೆರೆ ಕುಗ್ಗಿ ಕೋಲೀನ್ ಗೆರೆ ಏರಿದ್ದರೆ ಅನುಮಾನ ಪಡೋದು ಇದೇ ಕಾರಣಕ್ಕೆ.

ಸ್ಕ್ಯಾನ್ ರೂಮ್

ಚಿಕ್ಕಪ್ಪನವರ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಟೆಕ್ನಾಲಜಿಸ್ಟ್ ಆಗಿ ಕೆಲಸ ಮಾಡುತ್ತೇನೆ.

ಅವರು ಹೇಳಿದ ಸಕ್ಕರೆ ಸ್ಕ್ಯಾನ್ ಎಫ್‌ಡಿಜಿ ಪೆಟ್. ಗ್ಲೂಕೋಸ್ ತರಹದ ಒಂದು ಅಣುವಿಗೆ ಫ್ಲೋರಿನ್-18 ಅಂಟಿಸಿರುತ್ತಾರೆ. ಅದರ ಅರ್ಧಾಯುಷ್ಯ ಸುಮಾರು 110 ನಿಮಿಷ. ಅದಕ್ಕೇ ನಾವು ಡೋಸ್ ಬಂದ ಕೂಡಲೇ ಓಡಾಡೋದು. ಶ್ವಾಸಕೋಶದ ಕ್ಯಾನ್ಸರ್, ಲಿಂಫೋಮಾ (ದುಗ್ಧ ಗ್ರಂಥಿಗಳ ಕ್ಯಾನ್ಸರ್) ಇವುಗಳಲ್ಲಿ ಈ ಸ್ಕ್ಯಾನ್ ತುಂಬಾ ಕೆಲಸಕ್ಕೆ ಬರುತ್ತೆ. ಆದರೆ ಹೊಸದಾಗಿ ಪತ್ತೆಯಾದ ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಎಷ್ಟೋ ಸಲ ಗಡ್ಡೆ ಹೊಳೆಯುವುದೇ ಇಲ್ಲ. ಜೀವರಸ ಅವರು ಬರೆದ ಕಾರಣವೇ. ಮೇಲಾಗಿ ಎಫ್‌ಡಿಜಿ ಮೂತ್ರದಲ್ಲಿ ಹೋಗುತ್ತೆ. ಪಕ್ಕದ ಮೂತ್ರಕೋಶ ಬೆಳ್ಳಗೆ ಉರಿಯುತ್ತಿರುವಾಗ ಪ್ರಾಸ್ಟೇಟ್ ಕಾಣೋದು ಕಷ್ಟ. ಮಿದುಳು, ಹೃದಯ ಕೂಡ ಎಫ್‌ಡಿಜಿಯಲ್ಲಿ ಚೆನ್ನಾಗಿಯೇ ಹೊಳೆಯುತ್ತವೆ, ಅವು ಕ್ಯಾನ್ಸರ್ ಅಲ್ಲ ತಾನೇ.

ಪ್ರಾಸ್ಟೇಟ್‌ಗೆ ಈಗ ನಾವು ಮಾಡೋದು ಪಿಎಸ್‌ಎಮ್‌ಎ ಪೆಟ್. ಅದಕ್ಕೂ ಸಕ್ಕರೆಗೂ ಸಂಬಂಧ ಇಲ್ಲ. ಪ್ರಾಸ್ಟೇಟ್ ಜೀವಕೋಶದ ಮೇಲ್ಮೈಯಲ್ಲಿರುವ ಪಿಎಸ್‌ಎಮ್‌ಎ ಅನ್ನೋ ಪ್ರೋಟೀನನ್ನು ಹುಡುಕಿ ಅಂಟಿಕೊಳ್ಳುತ್ತೆ. ಆಸ್ಟ್ರೇಲಿಯಾದಲ್ಲಿ 302 ಜನರ ಮೇಲೆ ನಡೆದ ಪ್ರೊಪಿಎಸ್‌ಎಮ್‌ಎ ಅಧ್ಯಯನ 2020ರಲ್ಲಿ ಬಂತು. ಕ್ಯಾನ್ಸರ್ ಹರಡಿದೆಯೋ ಇಲ್ಲವೋ ಅಂತ ಹೇಳುವುದರಲ್ಲಿ ಇದರ ನಿಖರತೆ 92%, ಹಳೆಯ ಸಿಟಿ ಮತ್ತು ಮೂಳೆ ಸ್ಕ್ಯಾನ್ ಸೇರಿಸಿದರೂ 65%. ನಿಮ್ಮ ತಂದೆಯವರ ಫೈಲ್ ತೆಗೆದು ನೋಡಿ, ಬಹುಶಃ ಅವರಿಗೆ ಮಾಡಿದ್ದೂ ಪಿಎಸ್‌ಎಮ್‌ಎ ಸ್ಕ್ಯಾನೇ ಇರುತ್ತೆ.

ತಿಪಟೂರು ತೆಂಗು

ನೋಡಿದೆ ಸರ್. "ಗ್ಯಾಲಿಯಂ 68 ಪಿಎಸ್‌ಎಮ್‌ಎ" ಅಂತಲೇ ಇದೆ. ಚಿಕ್ಕಪ್ಪನಿಗೆ ಫೋಟೋ ತೆಗೆದು ಕಳಿಸಿದೆ. ಓದಿದ್ದಾರೆ, ಇನ್ನೂ ಮಾತಾಡಿಲ್ಲ.

ಹುಬ್ಬಳ್ಳಿ ಮಂದಿ

ಅಲ್ರೀ, ಒಂದು ಸಂಶಯ. ನಮ್ಮ ಮಾವನವರಿಗೆ ಪ್ರಾಸ್ಟೇಟ್ ಕ್ಯಾನ್ಸರೇ, ಆರು ವರ್ಷ ಆತು. ಹೋದ ವರ್ಷ ಡಾಕ್ಟರ್ ಪಿಎಸ್‌ಎಮ್‌ಎ ಜೊತಿ ಎಫ್‌ಡಿಜಿನೂ ಮಾಡಿಸ್ರಿ ಅಂದ್ರು. ಎಫ್‌ಡಿಜಿಯೊಳಗ ಲಿವರ್‌ನಾಗ ಕಾಣಿಸ್ತು. ಇದು ಸಕ್ಕರಿ ತಿನ್ನಂಗಿಲ್ಲ ಅಂದ್ರ ಅದು ಹೆಂಗ ಹೊಳೀತು?

ಜೀವರಸ

ನಿಮ್ಮ ಪ್ರಶ್ನೆ ಈ ಕ್ಷೇತ್ರದ ಮುಖ್ಯ ಪ್ರಶ್ನೆಯೇ ಸರ್. ರೋಗ ಮುಂದುವರಿದಂತೆ ಕೆಲವು ಗಡ್ಡೆಗಳು ಸ್ವಭಾವ ಬದಲಿಸುತ್ತವೆ. ಹಾರ್ಮೋನ್ ಚಿಕಿತ್ಸೆಗೆ ಬಗ್ಗದ ಹಂತ ತಲುಪಿದಾಗ, ಅದರಲ್ಲೂ ನರಕೋಶದ ಗುಣ ಬರುವ ನ್ಯೂರೋಎಂಡೋಕ್ರೈನ್ ಅನ್ನೋ ರೂಪಕ್ಕೆ ತಿರುಗಿದಾಗ, ಗ್ಲೂಕೋಸ್ ಎಳೆಯುವುದು ಜೋರಾಗುತ್ತೆ. ಕೆಲವು ಕಡೆ ಮೇಲ್ಮೈಯ ಪಿಎಸ್‌ಎಮ್‌ಎ ಪ್ರೋಟೀನೇ ಕಾಣೆಯಾಗುತ್ತೆ. ಆ ಜಾಗ ಪಿಎಸ್‌ಎಮ್‌ಎ ಸ್ಕ್ಯಾನ್‌ನಲ್ಲಿ ಕತ್ತಲೆ, ಎಫ್‌ಡಿಜಿಯಲ್ಲಿ ಬೆಳಕು. ಅಂಥ ಜಾಗಗಳಿದ್ದರೆ ಲುಟೀಷಿಯಂ-ಪಿಎಸ್‌ಎಮ್‌ಎ ಚಿಕಿತ್ಸೆ (ಅದೇ ಪ್ರೋಟೀನಿಗೆ ಅಂಟಿ ವಿಕಿರಣ ಕೊಡುವ ಔಷಧಿ) ಅಲ್ಲಿಗೆ ಮುಟ್ಟುವುದಿಲ್ಲ. ಆಸ್ಟ್ರೇಲಿಯಾದ "ಥೆರಾಪಿ" ಅನ್ನೋ ಹೆಸರಿನ ಪ್ರಯೋಗದಲ್ಲಿ ಇಂಥವರನ್ನು ಮೊದಲೇ ಬೇರ್ಪಡಿಸಿದರು. ಉಳಿದ 200 ಜನರಲ್ಲಿ ಲುಟೀಷಿಯಂ ಪಡೆದ 66% ಮಂದಿಗೆ ಪಿಎಸ್‌ಎ ಅರ್ಧಕ್ಕಿಂತ ಕೆಳಗಿಳಿಯಿತು, ಕ್ಯಾಬಜಿಟ್ಯಾಕ್ಸೆಲ್ ಕೀಮೋ ಪಡೆದವರಲ್ಲಿ 37%. ಡಾಕ್ಟರ್ ಎರಡೂ ಸ್ಕ್ಯಾನ್ ಕೇಳಿದ್ದಕ್ಕೆ ಇಂಥದೇ ಕಾರಣ ಇರಬೇಕು.

ಇನ್ನೊಂದು ದಾರಿ ನನಗೆ ವೈಯಕ್ತಿಕವಾಗಿ ತುಂಬಾ ಇಷ್ಟ. ಪೈರುವೇಟ್ ಅನ್ನೋದು ಗ್ಲೂಕೋಸ್ ಒಡೆದಾಗ ಸಿಗುವ ತುಣುಕು. ಕಾರ್ಬನ್-13 ಇರುವ ಪೈರುವೇಟನ್ನು ತೀರಾ ತಣ್ಣಗೆ ಮಾಡಿ, ಅಯಸ್ಕಾಂತದಲ್ಲಿ ಅದರ ಸಂಕೇತವನ್ನು 10,000 ಪಟ್ಟಿಗೂ ಮೇಲೆ ಏರಿಸಿ, ಕರಗಿಸಿ ರಕ್ತಕ್ಕೆ ಕೊಡುತ್ತಾರೆ. ಗಡ್ಡೆ ಅದನ್ನು ಲ್ಯಾಕ್ಟೇಟ್ ಮಾಡುವುದು ಎಮ್‌ಆರ್‌ಐ ಪರದೆಯಲ್ಲಿ ಆಗಲೇ ಕಾಣುತ್ತೆ. ವಿಕಿರಣ ಇಲ್ಲ. ಆದರೆ ಸಂಕೇತ ಬಹಳ ಬೇಗ ಆರಿಹೋಗುತ್ತೆ, ಕೆಲವೇ ನಿಮಿಷದೊಳಗೆ ಎಲ್ಲ ಮುಗಿಸಬೇಕು. ಮನುಷ್ಯರಲ್ಲಿ ಇದನ್ನು ಮೊದಲು ಮಾಡಿದ್ದು ಪ್ರಾಸ್ಟೇಟ್ ಕ್ಯಾನ್ಸರ್ ಇದ್ದವರಲ್ಲೇ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ 31 ಜನರ ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಿತು. ಯಾವ ಗಡ್ಡೆ ಸುಮ್ನೆ ಕೂತಿದೆ, ಯಾವುದು ಜೋರಾಗಿದೆ ಅಂತ ಸೂಜಿ ಚುಚ್ಚದೆ ಗುರುತಿಸುವ ಆಸೆ ಇದರ ಹಿಂದಿದೆ.

ಆದರೆ ಗಮನಿಸಿ. ಮುಂದುವರಿದ ಗಡ್ಡೆ ಗ್ಲೂಕೋಸ್ ಎಳೆದರೂ, ಊಟದಲ್ಲಿ ಸಕ್ಕರೆ ಬಿಟ್ಟ ಮಾತ್ರಕ್ಕೆ ಅದಕ್ಕೆ ಗ್ಲೂಕೋಸ್ ಸಿಗದೆ ಹೋಗುವುದಿಲ್ಲ. ಊಟದಿಂದ ಬಾರದಿದ್ದರೆ ಲಿವರ್ ತಾನೇ ತಯಾರಿಸುತ್ತೆ. ಅದಕ್ಕೆ ಬೇಕಾದ ಸಾಮಾನಿನಲ್ಲಿ ಒಂದು ಭಾಗ ಮಾಂಸಖಂಡದ ಪ್ರೋಟೀನ್‌ನಿಂದ ಬರುತ್ತೆ. ತಿಪಟೂರಿನವರ ತಂದೆ ಸೊರಗುತ್ತಿರುವುದಕ್ಕೆ ಇದೂ ಒಂದು ಕಾರಣ ಇರಬಹುದು.

ನಿವೃತ್ತ ಮೇಷ್ಟ್ರು

ನಾನೇ ರೋಗಿ. ಇಪ್ಪತ್ತು ವರ್ಷಕ್ಕೂ ಮೇಲಿಂದ ಶುಗರ್ ಇದೆ. ಶುಗರ್ ಇರುವವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬರೋದು ಕಮ್ಮಿ ಅಂತ ಒಬ್ಬರು ಹೇಳಿದರು. ನನಗೆ ಎರಡೂ ಬಂದಿದೆಯಲ್ಲ! ಆ ಮಾತಿನಲ್ಲಿ ಹುರುಳಿದೆಯಾ?

ಜೀವರಸ

ಇದೆ ಮೇಷ್ಟ್ರೇ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ 2006ರ ಒಂದು ವಿಶ್ಲೇಷಣೆಯಲ್ಲಿ, ಮಧುಮೇಹ ಇರುವ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಸುಮಾರು 16% ಕಮ್ಮಿ ಕಂಡಿತು. ಬಹಳ ವರ್ಷ ಮಧುಮೇಹ ಇದ್ದವರಲ್ಲಿ ಗಂಡು ಹಾರ್ಮೋನ್ ಟೆಸ್ಟೋಸ್ಟೆರೋನ್ ಇಳಿದಿರುವುದು ಒಂದು ಕಾರಣ ಇರಬಹುದು. ಪಿಎಸ್‌ಎಯೂ ಸ್ವಲ್ಪ ಕೆಳಗೇ ಇರುವುದರಿಂದ ಬಯಾಪ್ಸಿವರೆಗೆ ಹೋಗುವವರೂ ಕಮ್ಮಿ. 2007ರಲ್ಲಿ ಐಸ್‌ಲ್ಯಾಂಡ್ ತಂಡ ಇನ್ನೊಂದು ಎಳೆ ಕಂಡುಹಿಡಿಯಿತು. ಎಚ್‌ಎನ್‌ಎಫ್1ಬಿ ಜೀನ್‌ನ ಒಂದು ರೂಪ ಪ್ರಾಸ್ಟೇಟ್ ಕ್ಯಾನ್ಸರ್ ಸಾಧ್ಯತೆ ಏರಿಸುತ್ತೆ, ಅದೇ ರೂಪ ಟೈಪ್ 2 ಮಧುಮೇಹದಿಂದ ಕಾಪಾಡುತ್ತೆ. ಹುಟ್ಟಿನಿಂದಲೇ ಎರಡಕ್ಕೂ ಒಂದು ಗಂಟು ಬಿದ್ದಿದೆ.

ಆದರೆ ಕಮ್ಮಿ ಅಂದರೆ ಬರುವುದೇ ಇಲ್ಲ ಅಂತಲ್ಲ. ಒಮ್ಮೆ ಕ್ಯಾನ್ಸರ್ ಬಂದ ಮೇಲೆ ಮಧುಮೇಹ ಇದ್ದವರ ಸ್ಥಿತಿ ಸರಾಸರಿಯಲ್ಲಿ ಉಳಿದವರಿಗಿಂತ ಹಿಂದೆಯೇ ಇರುತ್ತೆ. ಬೊಜ್ಜಿಗೂ ಮುಂದುವರಿದ ಹಂತದ ಪ್ರಾಸ್ಟೇಟ್ ಕ್ಯಾನ್ಸರ್‌ಗೂ ನಂಟು ಗಟ್ಟಿಯಾಗಿದೆ. ನಮ್ಮ ದೇಶಕ್ಕೆ ಇದು ದೊಡ್ಡ ವಿಷಯ. ಐಸಿಎಮ್‌ಆರ್ 2023ರಲ್ಲಿ ಪ್ರಕಟಿಸಿದ ಅಂದಾಜಿನಲ್ಲಿ ಮಧುಮೇಹಿಗಳೇ 10.1 ಕೋಟಿ. ಇನ್ನು ಪ್ರಪಂಚದಲ್ಲಿ ವರ್ಷಕ್ಕೆ ಹೊಸದಾಗಿ ಪ್ರಾಸ್ಟೇಟ್ ಕ್ಯಾನ್ಸರ್ ಬರುವವರು 2020ರ 14 ಲಕ್ಷದಿಂದ 2040ಕ್ಕೆ 29 ಲಕ್ಷ ಆಗುತ್ತೆ ಅಂತ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ ಹೇಳಿದೆ. ಎರಡೂ ಒಟ್ಟಿಗೆ ಇರುವ ನಿಮ್ಮಂಥವರು ಮುಂದೆ ಜಾಸ್ತಿ ಆಗುತ್ತಾರೆ.

ಮೈಸೂರು ಔಷಧಿ ಅಂಗಡಿ

ಹಾಗಾದರೆ ಶುಗರ್ ಮಾತ್ರೆ ಮೆಟ್‌ಫಾರ್ಮಿನ್? ಅದು ಕ್ಯಾನ್ಸರನ್ನೂ ತಡೆಯುತ್ತೆ ಅಂತ ಶುಗರ್ ಇಲ್ಲದವರೂ ಬಂದು ಕೇಳುತ್ತಾರೆ. ಚೀಟಿ ಇಲ್ಲದೆ ಕೊಡಲ್ಲ ಅಂದರೆ ಬೇಸರ ಮಾಡಿಕೊಳ್ಳುತ್ತಾರೆ.

ಜೀವರಸ

ಕೊಡದಿರುವುದೇ ಸರಿ ಸರ್. ಮೆಟ್‌ಫಾರ್ಮಿನ್ ಮೇಲೆ ಹದಿನೈದು ಇಪ್ಪತ್ತು ವರ್ಷ ದೊಡ್ಡ ಆಸೆ ಇತ್ತು. ಅದು ಜೀವಕೋಶದಲ್ಲಿ ಆಮ್ಲಜನಕ ಬಳಸಿ ಉರಿಸುವ ಮೈಟೋಕಾಂಡ್ರಿಯಾ ಕೆಲಸವನ್ನು ತಗ್ಗಿಸುತ್ತೆ, ರಕ್ತದ ಇನ್ಸುಲಿನ್ ಇಳಿಸುತ್ತೆ. ಆಮ್ಲಜನಕದಲ್ಲೇ ಉರಿಯುವ ಪ್ರಾಸ್ಟೇಟ್ ಗಡ್ಡೆಗೆ ಇದಕ್ಕಿಂತ ಒಳ್ಳೆಯ ಔಷಧಿ ಇಲ್ಲ ಅನ್ನಿಸಿತ್ತು. ಹಳೆಯ ದಾಖಲೆಗಳಲ್ಲಿ ಮೆಟ್‌ಫಾರ್ಮಿನ್ ತಿಂದವರು ಜಾಸ್ತಿ ದಿನ ಬದುಕಿದ್ದೂ ಕಂಡಿತ್ತು. ಅದೂ ಅಗ್ಗದ ಮಾತ್ರೆ.

ಪರೀಕ್ಷೆ ಎರಡು ಕಡೆ ನಡೆಯಿತು. ಕೆನಡಾದ ಮಾಸ್ಟ್ ಪ್ರಯೋಗದಲ್ಲಿ ಕಮ್ಮಿ ಅಪಾಯದ ಕ್ಯಾನ್ಸರ್ ಇದ್ದು, ಆಪರೇಷನ್ ಮಾಡದೆ ಬರೀ ನಿಗಾ ಇಟ್ಟಿದ್ದ 400ಕ್ಕೂ ಹೆಚ್ಚು ಜನ. ದಿನಕ್ಕೆ ಎರಡು ಸಲ 850 ಮಿಲಿಗ್ರಾಂ, ಮೂರು ವರ್ಷ. 2024ರಲ್ಲಿ ಫಲಿತಾಂಶ ಬಂತು. ರೋಗ ಮುಂದುವರಿಯುವುದು ತಡವಾಗಲಿಲ್ಲ. ಬ್ರಿಟನ್ನಿನ ಸ್ಟ್ಯಾಂಪೀಡ್ ಪ್ರಯೋಗ ಇನ್ನೂ ದೊಡ್ಡದು. ತಿಪಟೂರಿನವರ ತಂದೆಯ ಹಾಗೆ ಕ್ಯಾನ್ಸರ್ ಹರಡಿ ಹಾರ್ಮೋನ್ ಚಿಕಿತ್ಸೆ ಶುರುವಾದ, ಮಧುಮೇಹ ಇಲ್ಲದ 1,874 ಜನ. ಮೆಟ್‌ಫಾರ್ಮಿನ್ ಸೇರಿಸಿದವರಲ್ಲಿ ಅರ್ಧ ಜನ 67.4 ತಿಂಗಳಿಗಿಂತ ಜಾಸ್ತಿ ಬದುಕಿದರು, ಸೇರಿಸದವರಲ್ಲಿ ಆ ಅವಧಿ 61.8 ತಿಂಗಳು. ನೋಡಲು ಅಂತರ ಇದೆ, ಆದರೆ ಲೆಕ್ಕಶಾಸ್ತ್ರದಲ್ಲಿ ಅದು ಆಕಸ್ಮಿಕ ಇರಬಹುದು ಅನ್ನುವ ಗೆರೆ ದಾಟಲಿಲ್ಲ. ಪ್ರಾಣ ಉಳಿಸುವ ಔಷಧಿ ಅಂತ ಬರೆದುಕೊಡಲು ಅದು ಸಾಲದು.

ಆ ಪ್ರಯೋಗದ ಇನ್ನೊಂದು ಫಲಿತಾಂಶ ಯಾಕೋ ಸುದ್ದಿಯಾಗಲಿಲ್ಲ. ಮೆಟ್‌ಫಾರ್ಮಿನ್ ಪಡೆದವರಲ್ಲಿ ತೂಕ, ಸಕ್ಕರೆ, ಕೊಲೆಸ್ಟರಾಲ್ ಏರುವುದು ಕಮ್ಮಿ ಇತ್ತು. ನನಗೆ ಮುಖ್ಯ ಅನ್ನಿಸೋದು ಇದು. ಗಡ್ಡೆಯ ಸಕ್ಕರೆಗಿಂತ ರೋಗಿಯ ಸಕ್ಕರೆ ಕಡೆ ನಾವು ಜಾಸ್ತಿ ನೋಡಬೇಕು.

ಡಯಟೀಷಿಯನ್ ಅಕ್ಕ

ಜೀವರಸ ಅವರ ಕೊನೆಯ ಸಾಲಿನಿಂದಲೇ ಮುಂದುವರಿಸುತ್ತೇನೆ. ಆಸ್ಪತ್ರೆಯಲ್ಲಿ ನನ್ನ ಹತ್ತಿರ ಬರುವ ಮನೆಯವರೆಲ್ಲ ಗಡ್ಡೆಯನ್ನು ಉಪವಾಸ ಕೆಡವುವ ಲೆಕ್ಕದಲ್ಲೇ ಇರುತ್ತಾರೆ. ಹಾರ್ಮೋನ್ ಇಂಜೆಕ್ಷನ್ ದೇಹಕ್ಕೆ ಏನು ಮಾಡುತ್ತೆ ಅಂತ ಕೇಳುವವರು ಕಮ್ಮಿ.

ಅದು ಟೆಸ್ಟೋಸ್ಟೆರೋನ್ ಇಳಿಸುತ್ತೆ. ಟೆಸ್ಟೋಸ್ಟೆರೋನ್ ಇಳಿದರೆ ಮಾಂಸಖಂಡ ಕರಗುತ್ತೆ, ಹೊಟ್ಟೆ ಸುತ್ತ ಕೊಬ್ಬು ಬೆಳೆಯುತ್ತೆ, ಇನ್ಸುಲಿನ್ ಕೆಲಸ ಮಾಡುವುದು ಮಂದವಾಗುತ್ತೆ, ಮೂಳೆ ಸವೆಯುತ್ತೆ. ಅಮೆರಿಕದಲ್ಲಿ 65 ದಾಟಿದ ಸುಮಾರು 73,000 ಜನರ ದಾಖಲೆ ನೋಡಿದ 2006ರ ಅಧ್ಯಯನದಲ್ಲಿ, ಈ ಇಂಜೆಕ್ಷನ್ ಪಡೆದವರಲ್ಲಿ ಹೊಸದಾಗಿ ಮಧುಮೇಹ ಬರುವ ಸಾಧ್ಯತೆ 44% ಜಾಸ್ತಿ ಇತ್ತು. 2010ರಲ್ಲಿ ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಮಧುಮೇಹ ಮತ್ತು ಹೃದ್ರೋಗದ ಎಚ್ಚರಿಕೆಯನ್ನು ಔಷಧಿಯ ಚೀಟಿಯಲ್ಲೇ ಹಾಕಿಸಿತು. ಅಬಿರಾಟೆರೋನ್ ಜೊತೆ ಕೊಡುವ ಪ್ರೆಡ್ನಿಸೋಲೋನ್ ಕೂಡ ಸಕ್ಕರೆ ಏರಿಸುತ್ತೆ. ಹಾಗಾಗಿ ತಿಪಟೂರಿನವರೇ, ಅಪ್ಪನ ಫಾಸ್ಟಿಂಗ್ ಶುಗರ್ ಮತ್ತು ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) ಪರೀಕ್ಷೆ ಇತ್ತೀಚೆಗೆ ಆಗಿದೆಯಾ? ಬಿಪಿ, ಪೊಟ್ಯಾಸಿಯಂ? ಮೊದಲು ಇವು.

ಈಗ ಊಟ. ಕಾರ್ಬೋಹೈಡ್ರೇಟ್ ಬಿಡುವ ಪ್ರಯೋಗವನ್ನು ಅಮೆರಿಕದಲ್ಲಿ ಮಾಡಿ ನೋಡಿದ್ದಾರೆ. ಚಿಕಿತ್ಸೆಯ ನಂತರ ಪಿಎಸ್‌ಎ ಮತ್ತೆ ಏರುತ್ತಿದ್ದ 57 ಜನ, ಒಂದು ಗುಂಪಿಗೆ ದಿನಕ್ಕೆ 20 ಗ್ರಾಂ ಒಳಗೆ ಕಾರ್ಬೋಹೈಡ್ರೇಟ್, ಆರು ತಿಂಗಳು. ನಮ್ಮ ಒಂದು ಮುದ್ದೆಯಲ್ಲೇ ಅದಕ್ಕಿಂತ ಜಾಸ್ತಿ ಇರುತ್ತೆ. ಅವರ ತೂಕ ಸುಮಾರು 12 ಕಿಲೋ ಇಳಿಯಿತು. ಪಿಎಸ್‌ಎ ಏರುವ ವೇಗದಲ್ಲಿ ಮೊದಲೇ ಗೊತ್ತು ಮಾಡಿಕೊಂಡಿದ್ದ ಲೆಕ್ಕದ ಪ್ರಕಾರ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಆಮೇಲೆ ಬೇರೆ ರೀತಿ ಲೆಕ್ಕ ಹಾಕಿದಾಗ ಲಾಭದ ಸುಳಿವು ಕಂಡಿತು, ದೊಡ್ಡ ಪ್ರಯೋಗ ಬೇಕು ಅಂತ ಅವರೇ ಬರೆದರು. ಅಲ್ಲಿ ಸೇರಿದ್ದವರು ದಪ್ಪ ಇದ್ದವರು. 12 ಕಿಲೋ ಕಳೆದುಕೊಳ್ಳುವ ಶಕ್ತಿ ನಿಮ್ಮ ಅಪ್ಪನಿಗಿದೆಯಾ? ತರಕಾರಿ ಜಾಸ್ತಿ ತಿನ್ನಿಸಿದ ಮೀಲ್ ಅಧ್ಯಯನದಲ್ಲೂ 478 ಜನರನ್ನು ಎರಡು ವರ್ಷ ನೋಡಿದರು, ಕ್ಯಾನ್ಸರ್ ಮುಂದುವರಿಯುವುದು ನಿಲ್ಲಲಿಲ್ಲ.

ರಾಗಿಯನ್ನು ನಿಲ್ಲಿಸಿದ್ದು ಓದಿ ನನಗೆ ನಿಜಕ್ಕೂ ಸಂಕಟ ಆಯಿತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮೂಳೆ ಸವೆಸುವ ಚಿಕಿತ್ಸೆ ನಡೆಯುತ್ತಿರುವಾಗ, ಮೂಳೆಯಲ್ಲೇ ರೋಗ ಇರುವಾಗ, ಅದನ್ನು ತಟ್ಟೆಯಿಂದ ತೆಗೆಯುವುದು ಎಂಥ ನಷ್ಟ! ಚಿಕ್ಕ ಮುದ್ದೆ ಇಡಿ, ಜೊತೆಗೆ ಗಟ್ಟಿ ಬೇಳೆಯ ಸೊಪ್ಪಿನ ಸಾರು, ಮೊಟ್ಟೆ ಇರಲಿ, ಮೊಸರು ಇರಲಿ. ಮೊಳಕೆ ಹುರುಳಿ ಸಾರು ಮಾಡಿದರೆ ಇನ್ನೂ ಒಳ್ಳೆಯದು. ಕಾಫಿಗೆ ಸಕ್ಕರೆ ಕಮ್ಮಿ ಮಾಡಿ. ಬಾಟಲಿ ಜ್ಯೂಸ್, ಬೇಕರಿ ತಿಂಡಿ, ಸಿಹಿ ಬೇಡ. ಅದು ಶುಗರ್ ಮತ್ತು ಹೃದಯದ ಸಲುವಾಗಿ. ಊಟ ಆದ ಮೇಲೆ ತೋಟದಲ್ಲಿ ನಡೆಯಲಿ. ಕುರ್ಚಿಯಿಂದ ಕೈ ಊರದೆ ಏಳೋದು, ಕೂರೋದು ದಿನಕ್ಕೆ ಎರಡು ಸಲ ಮಾಡಲಿ. ಮೂಳೆಯಲ್ಲಿ ರೋಗ ಇರುವುದರಿಂದ ಭಾರ ಎತ್ತುವ ವ್ಯಾಯಾಮ ಮಾತ್ರ ಡಾಕ್ಟರನ್ನು ಕೇಳದೆ ಬೇಡ.

ಇನ್ನೊಂದು, ಅಬಿರಾಟೆರೋನ್ ಯಾವಾಗ ನುಂಗುತ್ತಾರೆ ವಿಚಾರಿಸಿ. 1,000 ಮಿಲಿಗ್ರಾಂ ಬರೆದಿದ್ದರೆ ಖಾಲಿ ಹೊಟ್ಟೆಯಲ್ಲೇ, ಮಾತ್ರೆಗೆ ಎರಡು ಗಂಟೆ ಮುಂಚೆ ಏನೂ ತಿಂದಿರಬಾರದು, ಆಮೇಲೂ ಒಂದು ಗಂಟೆ ತಿನ್ನಬಾರದು. ಊಟದ ಜೊತೆ ಹೋದರೆ ರಕ್ತಕ್ಕೆ ಸೇರುವ ಔಷಧಿ ಹಲವು ಪಟ್ಟು ಜಾಸ್ತಿ ಆಗುತ್ತೆ. ಕೆಲವು ಡಾಕ್ಟರ್‌ಗಳು ಬೇಕೆಂದೇ 250 ಮಿಲಿಗ್ರಾಂ ಮಾತ್ರೆಯನ್ನು ತಿಂಡಿ ಜೊತೆ ಕೊಡುತ್ತಾರೆ, ಅದಕ್ಕೂ ಅಧ್ಯಯನ ಇದೆ, ಖರ್ಚೂ ಉಳಿಯುತ್ತೆ. ನಿಮ್ಮ ಡಾಕ್ಟರ್ ಹೇಗೆ ಬರೆದಿದ್ದಾರೋ ಹಾಗೇ.

ಹುಬ್ಬಳ್ಳಿ ಮಂದಿ

ಅಕ್ಕಾರ, ಭಾಳ ಚಲೋ ಬರದೀರಿ. ನಮ್ಮ ಕಡೆ ಜ್ವಾಳದ ರೊಟ್ಟಿ. ಅದೂ ನಡೀತದಲ್ರೀ?

ಡಯಟೀಷಿಯನ್ ಅಕ್ಕ

ಧಾರಾಳವಾಗಿ. ರೊಟ್ಟಿ, ಹೆಸರುಕಾಳು ಪಲ್ಯ, ಮೊಸರು. ಎಣ್ಣೆ ಮಾತ್ರ ಹಿಡಿತದಲ್ಲಿರಲಿ.

ಜೀವರಸ

ಊಟ, ಇನ್ಸುಲಿನ್, ಔಷಧಿ ಮೂರೂ ಒಟ್ಟಿಗೆ ಬರುವ ಒಂದು ಜಾಗ ಉಳಿದಿದೆ. ಪಿಟೆನ್ ಅನ್ನೋ ಜೀನ್ ಹಾಳಾದ ಪ್ರಾಸ್ಟೇಟ್ ಕ್ಯಾನ್ಸರ್‌ಗಳಲ್ಲಿ ಬೆಳೆಯಲು ಹೇಳುವ ಸಂದೇಶ ಸಾಗುವ ಎಕೆಟಿ ದಾರಿ ಸದಾ ಚಾಲೂ ಇರುತ್ತೆ. ಇನ್ಸುಲಿನ್ ತನ್ನ ಸಂದೇಶ ಕಳಿಸುವುದೂ ಇದೇ ದಾರಿಯಲ್ಲಿ. ಇದನ್ನು ಮುಚ್ಚುವ ಕ್ಯಾಪಿವಾಸೆರ್ಟಿಬ್ ಔಷಧಿಯನ್ನು ಅಬಿರಾಟೆರೋನ್ ಜೊತೆ ಕೊಟ್ಟು ನೋಡಿದ್ದಾರೆ. ಪಿಟೆನ್ ಇಲ್ಲದ ಗಡ್ಡೆ ಇದ್ದ 1,012 ಜನರ ಪ್ರಯೋಗ, 2025ರಲ್ಲಿ ಫಲಿತಾಂಶ ಬಂತು. ಸ್ಕ್ಯಾನ್‌ನಲ್ಲಿ ರೋಗ ಮುಂದುವರಿಯದೆ ನಿಂತ ಅವಧಿ 25.7 ತಿಂಗಳಿಂದ 33.2 ತಿಂಗಳಿಗೆ ಏರಿತು. ಆದರೆ ಇನ್ಸುಲಿನ್ ದಾರಿಯನ್ನೇ ಮುಚ್ಚುವುದರಿಂದ ರಕ್ತದ ಸಕ್ಕರೆ ಏರುತ್ತೆ. ಸಕ್ಕರೆ ಏರಿದರೆ ದೇಹ ಇನ್ನಷ್ಟು ಇನ್ಸುಲಿನ್ ಸುರಿಸುತ್ತೆ. ಆ ಇನ್ಸುಲಿನ್ ಗಡ್ಡೆಯಲ್ಲಿ ಅದೇ ದಾರಿಯನ್ನು ಮತ್ತೆ ತೆರೆಯಬಹುದು. ಇದೇ ದಾರಿಯ ಪಿಐ3ಕೆ ಔಷಧಿಗಳಲ್ಲಿ ಹೀಗಾಗುವುದನ್ನು ಅಮೆರಿಕದ ವಿಜ್ಞಾನಿ ಲೂಯಿಸ್ ಕ್ಯಾಂಟ್ಲಿ ಅವರ ತಂಡ 2018ರಲ್ಲಿ ಇಲಿಗಳಲ್ಲಿ ತೋರಿಸಿತು. ಕೀಟೋ ಊಟ (ಕಾರ್ಬೋಹೈಡ್ರೇಟ್ ತೀರಾ ಕಮ್ಮಿ, ಕೊಬ್ಬು ಜಾಸ್ತಿ) ಕೊಟ್ಟು ಇನ್ಸುಲಿನ್ ಇಳಿಸಿದಾಗ ಔಷಧಿ ಚೆನ್ನಾಗಿ ಹಿಡಿಯಿತು. ಅದೇ ಕೀಟೋ ಊಟ ಔಷಧಿ ಇಲ್ಲದೆ ಕೊಟ್ಟಾಗ ಒಂದು ಬಗೆಯ ರಕ್ತಕ್ಯಾನ್ಸರ್ ಇದ್ದ ಇಲಿಗಳಲ್ಲಿ ರೋಗ ಇನ್ನೂ ಬೇಗ ಬೆಳೆಯಿತು. ಇದನ್ನು ಚಿಕ್ಕಪ್ಪನವರಿಗೆ ಖಂಡಿತ ಓದಿ ಹೇಳಿ. ಊಟದ ಕ್ರಮ ಯಾವ ಗಡ್ಡೆಗೆ, ಯಾವ ಔಷಧಿ ಜೊತೆಗೆ ಅಂತ ನೋಡದೆ ಕೈಹಾಕುವ ವಿಷಯವಲ್ಲ.

ತಿಪಟೂರು ತೆಂಗು

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಎಚ್‌ಬಿಎ1ಸಿ ಮಾಡಿಸಿಯೇ ಇರಲಿಲ್ಲ. ಇವತ್ತು ಬೆಳಗ್ಗೆ ರಕ್ತ ಕೊಟ್ಟು ಬಂದೆವು, 6.3 ಇದೆ. ಡಾಕ್ಟರ್ ಫೋನಿನಲ್ಲಿ, ಗಡಿಯಲ್ಲಿದೆ, ಮಾತ್ರೆ ಈಗಲೇ ಬೇಡ, ಮೂರು ತಿಂಗಳಿಗೆ ಮತ್ತೆ ನೋಡೋಣ ಅಂದರು. ಅಬಿರಾಟೆರೋನ್ ಖಾಲಿ ಹೊಟ್ಟೆಗೇ ಕೊಡ್ತಿದ್ದೀವಿ. ಅಮ್ಮ ಮಧ್ಯಾಹ್ನ ಮುದ್ದೆ ಮಾಡಿದ್ದರು, ಚಿಕ್ಕಪ್ಪನೂ ಇದ್ದರು, ಬೇಡ ಅನ್ನಲಿಲ್ಲ.

ಒಂದೇ ಪ್ರಶ್ನೆ ಬಾಕಿ. ಮುಂದಿನ ತಿಂಗಳು ಮತ್ತೆ ಸ್ಕ್ಯಾನ್ ಇದೆ. ಹಿಂದಿನ ದಿನದಿಂದ ಅನ್ನ ಬಿಡಬೇಕಾ?

ಸ್ಕ್ಯಾನ್ ರೂಮ್

ಚೀಟಿಯಲ್ಲಿ ಪಿಎಸ್‌ಎಮ್‌ಎ ಅಂತ ಇದ್ದರೆ ಸಾಮಾನ್ಯವಾಗಿ ಉಪವಾಸ ಬೇಡ, ಶುಗರ್ ಎಷ್ಟಿದೆ ಅನ್ನೋದೂ ಅಡ್ಡ ಬರಲ್ಲ. ನೀರು ಚೆನ್ನಾಗಿ ಕುಡಿಸಿ, ಸ್ಕ್ಯಾನ್‌ಗೆ ಮುಂಚೆ ಮೂತ್ರಕ್ಕೆ ಹೋಗಿ ಬರಲಿ. ಎಫ್‌ಡಿಜಿ ಅಂತ ಇದ್ದರೆ ಮಾತ್ರ ನಾಲ್ಕರಿಂದ ಆರು ಗಂಟೆ ನೀರು ಬಿಟ್ಟು ಏನೂ ಬೇಡ. ಆಗ ಶುಗರ್ 200ರ ಒಳಗಿದ್ದರೆ ಒಳ್ಳೆಯದು. ಮೇಷ್ಟ್ರ ಹಾಗೆ ಶುಗರ್ ಇದ್ದು ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಾದರೆ ಅವರಿಗೆ ಕರುಳು ಜಾಸ್ತಿ ಹೊಳೆಯುತ್ತೆ. ಅದಕ್ಕೆ ಕೆಲವು ಕಡೆ ಎರಡು ದಿನ ಮುಂಚೆ ನಿಲ್ಲಿಸಲು ಹೇಳುತ್ತಾರೆ, ಡಾಕ್ಟರ್ ಹೇಳಿದರೆ ಮಾತ್ರ ನಿಲ್ಲಿಸಿ. ಹಳೆಯ ಸ್ಕ್ಯಾನ್‌ನ ಸಿಡಿ ಮರೆಯದೆ ತನ್ನಿ. ಹೋಲಿಸಿ ನೋಡಲು ಬರೀ ರಿಪೋರ್ಟ್ ಸಾಲುವುದಿಲ್ಲ.